ನುಂಗಿದ ಮೇಲೆ

ಅನ್ನ ಉಂಡ ಮಗುವಿನ ಹೊಟ್ಟೆ ಸವರುತ್ತ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಎನ್ನುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಕಥೆ ಎಲ್ಲರಿಗೂ ಗೊತ್ತು. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರಾಗಿಸಿ, ಕೊಯ್ದು, ಅಡುಗೆ ಮಾಡಿ ಮನೆಗೆ ಬಂದ ಬ್ರಾಹ್ಮಣರಿಗೆ ಬಡಿಸುತ್ತಿದ್ದ. ಅವರು ಉಂಡು ಕೈ ತೊಳೆಯುವ ಹೊತ್ತಿಗೆ ‘ವಾತಾಪಿ, ಹೊರಗೆ ಬಾ’ ಎಂದು ಕೂಗಿದರೆ ತಮ್ಮ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. ಅವನು ಕರೆಯುವಷ್ಟರಲ್ಲಿ ಇವರು ಅರಗಿಸಿಕೊಂಡಾಗಿತ್ತು. ಪುರಾಣದ ಲೆಕ್ಕದಲ್ಲಿ ಇದು ತಪಸ್ಸಿನ ಮಹಿಮೆ. ಶರೀರಶಾಸ್ತ್ರದ ಲೆಕ್ಕದಲ್ಲಿ ಅಗಸ್ತ್ಯರಿಗೆ ಇನ್ನೊಂದು ಅನುಕೂಲವೂ ಇತ್ತು: ವಾತಾಪಿ ಟಗರಾಗಿದ್ದ. ಮಾಂಸದ ಪ್ರೋಟೀನನ್ನು ಮುರಿಯುವ ಕೆಲಸ ಜಠರದಲ್ಲೇ ಶುರುವಾಗುತ್ತದೆ. ಅಲ್ಲಿ ಆಮ್ಲವಿದೆ, ಪೆಪ್ಸಿನ್ ಇದೆ. ಇಲ್ವಲನಿಗೆ ಇನ್ನೂ ಸ್ವಲ್ಪ ಬುದ್ಧಿ ಓಡಿ ತಮ್ಮನನ್ನು ರೊಟ್ಟಿ ಮಾಡಿ ಬಡಿಸಿದ್ದರೆ ಮುನಿಗಳಿಗೆ ಫಜೀತಿಯಾಗುತ್ತಿತ್ತು. ರೊಟ್ಟಿಯ ಪಿಷ್ಟವನ್ನು ಒಡೆಯುವ ಕಿಣ್ವವನ್ನು ಜಠರ ಸ್ವಂತವಾಗಿ ತಯಾರಿಸುವುದೇ ಇಲ್ಲ. ಊಟ ಸಣ್ಣ ಕರುಳಿಗೆ ಇಳಿಯುವವರೆಗೂ ಇಲ್ವಲನನ್ನು ಹೇಗಾದರೂ ಮಾತಿನಲ್ಲಿ ಕಟ್ಟಿಹಾಕಬೇಕಾಗುತ್ತಿತ್ತು.

ವಾತಾಪಿ ಎಂಬುದೇ ಬಾದಾಮಿಯ ಹಳೆಯ ಹೆಸರು. ಅಲ್ಲಿನ ಕೆರೆಗೆ ಅಗಸ್ತ್ಯ ತೀರ್ಥ ಎನ್ನುತ್ತಾರೆ. ಪಕ್ಕದ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿಗಳನ್ನು ಮರದ ನೆರಳಲ್ಲಿ ಕೂತು ಉಂಡವರಿಗೆ ಅಗಸ್ತ್ಯರ ಪವಾಡದ ಮೇಲೆ ಅಂಥ ಬೆರಗೇನೂ ಉಳಿಯುವುದಿಲ್ಲ. ಮೂರು ರೊಟ್ಟಿಯ ಮೇಲೆ ನಾಲ್ಕನೆಯದನ್ನೂ ಅರಗಿಸಿಕೊಂಡು ಗುಹೆಯ ಮೆಟ್ಟಿಲು ಹತ್ತುವವರು ದಿನವೂ ಅಲ್ಲಿರುತ್ತಾರೆ.

ನಮ್ಮಲ್ಲಿ ಊಟದ ಮಾತಿಗೆ ಬರವಿಲ್ಲ. ಯಾವ ಮದುವೆಯಲ್ಲಿ ಯಾವ ಸಾರು ಕೈಕೊಟ್ಟಿತು, ಯಾವ ಊರಿನ ಯಾವ ಹೋಟೆಲಿನಲ್ಲಿ ದೋಸೆಗೆ ಎಷ್ಟು ಬೆಣ್ಣೆ ಎಂಬುದನ್ನು ಇಪ್ಪತ್ತು ವರ್ಷ ಕಳೆದರೂ ಹೇಳಬಲ್ಲವರಿದ್ದಾರೆ. ಆದರೆ ಈ ಮಾತೆಲ್ಲ ನಾಲಿಗೆಯ ತುದಿಯಿಂದ ಗಂಟಲವರೆಗೆ ಮಾತ್ರ. ಆಮೇಲೆ ಆ ದೋಸೆಯ ಗತಿ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಪ್ರಸಂಗ ಬಂದರೆ ಅದು ಹೊಟ್ಟೆ ಕೆಟ್ಟ ದಿನ, ಅಥವಾ ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದ ದಿನ. ಉಳಿದ ದಿನಗಳಲ್ಲಿ ನುಂಗಿದ್ದು ಮರೆತದ್ದು ಎರಡೂ ಒಂದೇ.

ನುಂಗುವುದರಲ್ಲಿ ಹಳೆ ಮೈಸೂರು ಕಡೆಯವರನ್ನು ಮೀರಿಸಿದವರಿಲ್ಲ. ಮಂಡ್ಯ, ಹಾಸನ, ತುಮಕೂರು ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದು ಊಟದ ಮರ್ಯಾದೆಗೇ ಕುಂದು. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ಇಳಿಸಬೇಕು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ನಮ್ಮ ದೊಡ್ಡಪ್ಪನ ಪಕ್ಕ ಕೂತು ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಿದ್ದ. ದೊಡ್ಡಪ್ಪ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ, “ಅಗೀಬ್ಯಾಡ ಕಣ್ ಮಗಾ, ನುಂಗು. ಅದುಕ್ಕೆ ದಾರಿ ಗೊತ್ತದೆ, ತಾನೇ ಹೋಯ್ತದೆ” ಎಂದರು. ಹುಡುಗ, “ಮತ್ತೆ ಡೈಜೆಷನ್ ಹೇಗಾಗುತ್ತೆ ದೊಡ್ಡಪ್ಪ?” ಎಂದ. “ಒಳಗ್ ಹೋದ್ಮ್ಯಾಲೆ ಅದರ ಕೆಲ್ಸ ಅದು ಮಾಡ್ಕೊತದೆ. ನಿನ್ ಕೆಲ್ಸ ನೀನ್ ನೋಡ್ಕೊ.”

ದೊಡ್ಡಪ್ಪ ಹೇಳಿದ್ದು ಬಹುಮಟ್ಟಿಗೆ ಸರಿ. ಬಾಯಿ ಮಾಡದೆ ಬಿಟ್ಟ ಕೆಲಸವನ್ನು ಕರುಳು ಮಾಡಿಕೊಳ್ಳುತ್ತದೆ. ಆದರೆ ಆ ಕೆಲಸ ಎಂಥದು ಎಂದು ಒಮ್ಮೆ ಇಣುಕಿ ನೋಡಿದರೆ ನಷ್ಟವೇನಿಲ್ಲ.

ರಾಗಿ, ಅಕ್ಕಿ, ಜೋಳ, ಗೋಧಿ, ಆಲೂಗಡ್ಡೆ ಯಾವುದನ್ನೇ ತೆಗೆದುಕೊಳ್ಳಿ, ಅದರಲ್ಲಿರುವ ಪಿಷ್ಟವೆಂದರೆ ಗ್ಲೂಕೋಸ್ ಕಣಗಳ ಉದ್ದುದ್ದ ಸರಪಳಿ. ನೇರವಾಗಿ ಸಾಗುವ ಸರಪಳಿಗೆ ಅಮೈಲೋಸ್ ಎಂದೂ ಕವಲೊಡೆದು ಹರಡುವುದಕ್ಕೆ ಅಮೈಲೋಪೆಕ್ಟಿನ್ ಎಂದೂ ಹೆಸರು. ದೇಹಕ್ಕೆ ಬೇಕಾದದ್ದು ಬಿಡಿ ಗ್ಲೂಕೋಸ್. ಸರಪಳಿ ಎಷ್ಟೇ ಚೆನ್ನಾಗಿದ್ದರೂ ಕರುಳಿನ ಗೋಡೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಶರ್ಕರಪಿಷ್ಟದ ಜೀರ್ಣಕ್ರಿಯೆ ಎಂದು ದಪ್ಪ ಪುಸ್ತಕಗಳಲ್ಲಿ ಬರೆದಿರುವುದೆಲ್ಲ ಎರಡೇ ಕೆಲಸ: ಕೊಂಡಿ ಕಳಚುವುದು, ಕಳಚಿದ್ದನ್ನು ಒಳಗೆ ಸೇರಿಸುವುದು.

ಹಸಿ ಪಿಷ್ಟ ಬಿಗಿಯಾದ ಹರಳಾಗಿರುತ್ತದೆ, ಕಿಣ್ವಗಳಿಗೆ ಬೇಗ ಬಗ್ಗುವುದಿಲ್ಲ. ಕುದಿಯುವ ಎಸರಿಗೆ ಬಿದ್ದಾಗ ಅದು ನೀರು ಕುಡಿದು ಉಬ್ಬಿ ಸಡಿಲವಾಗುತ್ತದೆ. ಮುದ್ದೆ ಕೋಲು ಹಿಡಿದು ಗಂಟಿಲ್ಲದಂತೆ ತಿರುವುವ ತಾಯಿ ಜೀರ್ಣಕ್ರಿಯೆಯ ಮೊದಲ ಅಧ್ಯಾಯವನ್ನು ಒಲೆಯ ಮೇಲೆಯೇ ಮುಗಿಸಿರುತ್ತಾಳೆ. ಹಿಟ್ಟು ಸರಿಯಾಗಿ ಬೇಯದಿದ್ದರೆ ಹೊಟ್ಟೆನೋವು ಬರುತ್ತದೆಂದು ಹಳ್ಳಿಯಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಎರಡನೆಯ ಅಧ್ಯಾಯ ಬಾಯಲ್ಲಿ. ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಒಂದು ತುತ್ತು ಬರಿ ಅನ್ನವನ್ನು ಸಾರು ಉಪ್ಪು ಏನೂ ಇಲ್ಲದೆ ಬಾಯಲ್ಲಿಟ್ಟುಕೊಂಡು ಅಗಿಯುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ಸಣ್ಣ ಸಿಹಿ ತಗಲುತ್ತದೆ. ಪಿಷ್ಟ ಕಳಚಿ ಮಾಲ್ಟೋಸ್ ಆಗುತ್ತಿರುವ ರುಚಿ ಅದು. ಅಮೆರಿಕದ ಹೊರೇಸ್ ಫ್ಲೆಚರ್ ಎಂಬ ವ್ಯಾಪಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಅಗಿಯುವಿಕೆಯನ್ನೇ ಒಂದು ಮತವನ್ನಾಗಿ ಮಾಡಿದ. ತುತ್ತು ಬಾಯಲ್ಲೇ ನೀರಾಗಿ ತಾನಾಗಿ ಜಾರುವ ತನಕ ಅಗಿಯಬೇಕು, ಪಾನೀಯವನ್ನೂ ಬಾಯಲ್ಲಿ ಆಡಿಸದೆ ನುಂಗಬಾರದು ಎಂದು ಬೋಧಿಸಿ, ದೊಡ್ಡ ದೊಡ್ಡವರನ್ನು ಶಿಷ್ಯರನ್ನಾಗಿ ಮಾಡಿಕೊಂಡು ಹಣವಂತನೂ ಆದ. ಅವನೇನಾದರೂ ನಾಗಮಂಗಲದ ಜಾತ್ರೆಯಲ್ಲಿ ಮುದ್ದೆ ಪಂಕ್ತಿಗೆ ಕೂತಿದ್ದರೆ, ಅವನ ಮೊದಲ ತುತ್ತು ಮುಗಿಯುವ ಮುನ್ನ ಎಲೆ ಎತ್ತಿ, ನೆಲ ಸಾರಿಸಿ, ಎರಡನೆಯ ಪಂಕ್ತಿ ಕೂರಿಸಿರುತ್ತಿದ್ದರು.

ಜೊಲ್ಲಿನ ವಿಷಯದಲ್ಲಿ ಎಲ್ಲರೂ ಸಮಾನರಲ್ಲ. ಅಮೈಲೇಸ್ ತಯಾರಿಸಲು ಹೇಳುವ ಜೀನಿನ ಪ್ರತಿಗಳು ಕೆಲವರಲ್ಲಿ ಎರಡೋ ಮೂರೋ, ಕೆಲವರಲ್ಲಿ ಹತ್ತಕ್ಕೂ ಮೇಲೆ. ತಲೆಮಾರುಗಳಿಂದ ಧಾನ್ಯ, ಗೆಡ್ಡೆ ತಿಂದು ಬಂದ ಜನಾಂಗಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಲ್ಲಿ ನಮ್ಮ ಗಾದೆಯೊಂದು ನೆನಪಾಗುತ್ತದೆ. ಅಕ್ಕಿ ತಿಂದವ ಹಕ್ಕಿಯಾದ, ಜೋಳ ತಿಂದವ ತೋಳನಾದ, ರಾಗಿ ತಿಂದವ ನಿರೋಗಿಯಾದ ಎನ್ನುತ್ತಾರಲ್ಲ, ಅದರ ನಡುವಿನ ಮಾತನ್ನು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತಲೆಕೆಳಗು ಮಾಡಿದರು. ತೋಳಗಳಲ್ಲಿ ಮೇದೋಜೀರಕದ ಅಮೈಲೇಸ್ ಜೀನಿಗೆ ಇರುವುದು ಎರಡೇ ಪ್ರತಿ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯರ ಊರಂಚಿನಲ್ಲಿ ಸುಳಿದಾಡಿ ಅವರು ಬಿಸಾಡಿದ ಕಾಳುಕಡ್ಡಿ ತಿಂದು ಅರಗಿಸಿಕೊಳ್ಳಬಲ್ಲ ತೋಳಗಳು ಊರಿನಲ್ಲೇ ಉಳಿದವು ಎಂದು ಅವರ ಊಹೆ. ಹಾಗಾದರೆ ಜೋಳ ತಿಂದವ ತೋಳನಾಗಲಿಲ್ಲ, ಜೋಳ ತಿಂದ ತೋಳ ನಾಯಿಯಾಯಿತು. ಹಿತ್ತಲಲ್ಲಿ ತಂಗಳು ಮುದ್ದೆಗೆ ಬಾಲ ಅಲ್ಲಾಡಿಸುವ ಪ್ರಾಣಿಯ ಪೂರ್ವಜನ ಚರಿತ್ರೆ ಹೀಗಿದೆ.

ಮುದ್ದೆ ನುಂಗುವವರ ಬಾಯಲ್ಲಿ ಈ ಅಮೈಲೇಸಿಗೆ ಅವಕಾಶ ಕಡಮೆ. ತುತ್ತಿನ ಹೊರಮೈಗೆ ಸ್ವಲ್ಪ ಸವರಿಕೊಂಡು ಜೊತೆಗೆ ಜಾರುತ್ತದೆ, ಅಷ್ಟೆ. ಜಠರ ಸೇರಿದ ಮೇಲೆ ಆಮ್ಲ ಅದರ ಕೈಕಟ್ಟುತ್ತದೆ. ತುತ್ತಿನ ಒಳಗೆ ಆಮ್ಲ ಇಳಿಯುವ ತನಕ ಅದು ಅಲ್ಲಲ್ಲಿ ಕೆಲಸ ಮುಂದುವರಿಸುವುದೂ ಉಂಟು. ಜಠರದೊಳಗೆ ನಡೆಯುವುದನ್ನು ಕಣ್ಣಾರೆ ಕಾಣುವ ಭಾಗ್ಯ ವಿಲಿಯಂ ಬ್ಯೂಮಾಂಟ್ ಎಂಬ ಸೇನಾ ವೈದ್ಯನಿಗೆ ಸಿಕ್ಕಿತು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯಾಳಿಗೆ ಬಂದೂಕಿನ ಗುಂಡು ತಾಗಿ, ಗಾಯ ವಾಸಿಯಾದರೂ ಹೊಟ್ಟೆಯ ತೂತು ಮುಚ್ಚಲಿಲ್ಲ. ವೈದ್ಯ ಅದರೊಳಕ್ಕೆ ರೇಷ್ಮೆ ದಾರ ಕಟ್ಟಿದ ಮಾಂಸ, ಬ್ರೆಡ್ಡು, ಎಲೆಕೋಸಿನ ತುಣುಕುಗಳನ್ನು ಇಳಿಬಿಟ್ಟು, ಆಗಾಗ ಎಳೆದು ನೋಡಿ, 1833ರಲ್ಲಿ ಪುಸ್ತಕ ಬರೆದ. ಆ ತೂತಿನ ಮನುಷ್ಯನೋ ವೈದ್ಯ ಸತ್ತ ಮೇಲೂ 27 ವರ್ಷ ಬದುಕಿದ. ಜೀರ್ಣಶಕ್ತಿ ಎಂದರೆ ಅದು.

ಪಿಷ್ಟದ ನಿಜವಾದ ಹಣೆಬರಹ ಬರೆಯುವುದು ಸಣ್ಣ ಕರುಳಿನ ಬಾಗಿಲಲ್ಲಿ. ಜಠರದಿಂದ ಹುಳಿಹುಳಿಯಾಗಿ ಇಳಿದು ಬಂದ ಅಂಬಲಿಗೆ ಮೇದೋಜೀರಕ ಗ್ರಂಥಿ ಬೈಕಾರ್ಬೊನೇಟ್ ಸುರಿದು ಹುಳಿ ಮುರಿಯುತ್ತದೆ, ಜೊತೆಗೆ ತನ್ನ ಸ್ವಂತ ಅಮೈಲೇಸನ್ನೂ ಕಳಿಸುತ್ತದೆ. ಬಾಯಿ ಉಳಿಸಿದ ಬಾಕಿಯೆಲ್ಲ ಇಲ್ಲಿ ಚುಕ್ತಾ. ದೊಡ್ಡಪ್ಪನ ಧೈರ್ಯಕ್ಕೆ ಆಧಾರ ಈ ಗ್ರಂಥಿಯೇ. ಆದರೆ ಇದೂ ಸರಪಳಿಯನ್ನು ತುಂಡು ತುಂಡು ಮಾಡುತ್ತದೆಯೇ ಹೊರತು ಬಿಡಿ ಕಣದವರೆಗೆ ಹೋಗುವುದಿಲ್ಲ. ಎರಡು, ಮೂರು ಕಣಗಳ ತುಂಡುಗಳನ್ನೂ ಕವಲಿದ್ದ ಕಡೆಯ ಗಂಟುಗಳನ್ನೂ ಬಿಡಿಸುವ ಕಿಣ್ವಗಳು ಕರುಳಿನ ಗೋಡೆಗೇ ನೆಟ್ಟುಕೊಂಡಿವೆ. ಮಾಲ್ಟೇಸ್ ಅಲ್ಲಿದೆ, ಸಕ್ಕರೆಯನ್ನು ಒಡೆಯುವ ಸುಕ್ರೇಸ್ ಅಲ್ಲಿದೆ, ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಅಲ್ಲಿದೆ. ಕೊನೆಯ ಲ್ಯಾಕ್ಟೇಸ್ ಹಾಲು ಬಿಟ್ಟ ಮಕ್ಕಳಲ್ಲಿ ಎಷ್ಟೋ ಸಲ ಕ್ಷೀಣಿಸುತ್ತ ಹೋಗುತ್ತದೆ. ಒಂದು ಲೋಟ ಹಾಲು ಕುಡಿದು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಳ್ಳುವವರು ಮೊಸರನ್ನವನ್ನು ನಿಶ್ಚಿಂತೆಯಾಗಿ ಉಣ್ಣುವುದಕ್ಕೆ ಕಾರಣ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯಲ್ಲಿ ಒಂದು ಪಾಲನ್ನು ಮೊದಲೇ ತಿಂದಿರುವುದು.

ಈ ಗೋಡೆಯ ಬಗ್ಗೆ ಬಹಳ ಕಾಲ ಒಂದು ಬಡಾಯಿ ನಡೆಯುತ್ತಿತ್ತು. ಕರುಳಿನ ಒಳಮೈಯ ಮಡಿಕೆಗಳು, ಮಡಿಕೆಯ ಮೇಲಿನ ವಿಲ್ಲೈ ಎಂಬ ಚಾಚುಗಳು, ಅವುಗಳ ಮೇಲಿನ ಇನ್ನೂ ಸೂಕ್ಷ್ಮ ಚಾಚುಗಳನ್ನೆಲ್ಲ ಹರಡಿದರೆ ಟೆನಿಸ್ ಅಂಗಳದಷ್ಟು ಆಗುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು, ಬಾಯಿಂದ ಹಿಡಿದು ಕೊನೆಯವರೆಗೆ ಎಲ್ಲ ಸೇರಿ ಸುಮಾರು 32 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಳ ಎಂದರು. ಬೆಂಗಳೂರಿನಲ್ಲಿ ಸೈಟು ಅಳೆದವರಿಗೆ ಈ ಅನುಭವ ಹೊಸದಲ್ಲ. ಕಾಗದದಲ್ಲಿದ್ದದ್ದು ನೆಲದ ಮೇಲೆ ಇರುವುದಿಲ್ಲ. ಆದರೂ ನಮ್ಮ ಹೊಟ್ಟೆಯ ಸುತ್ತಳತೆಯೊಳಗೆ ಅರ್ಧ ಬ್ಯಾಡ್ಮಿಂಟನ್ ಅಂಗಳ ಮಡಿಸಿಟ್ಟಿರುವುದು ಸಣ್ಣ ಮಾತೇನಲ್ಲ.

ಕೊಂಡಿ ಕಳಚಿಯಾಯಿತು, ಬಿಡಿ ಗ್ಲೂಕೋಸ್ ಗೋಡೆಯ ಮುಂದೆ ನಿಂತಿದೆ. ಇನ್ನು ಒಳಗೆ ಹೋಗಬೇಕು. ಇದು ಹೇಗೆ ನಡೆಯುತ್ತದೆಂಬುದು 1960ರವರೆಗೆ ಒಗಟಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಸಭೆಯಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ ಉತ್ತರ ಮುಂದಿಟ್ಟ: ಗ್ಲೂಕೋಸ್ ಒಂಟಿಯಾಗಿ ಬರುವುದಿಲ್ಲ, ಸೋಡಿಯಂ ಜೊತೆಗೂಡಿ ಬರುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲಿ ‘ಸಕುಟುಂಬ ಸಪರಿವಾರ ಸಮೇತ’ ಎಂದು ಅಚ್ಚಾಗಿರುತ್ತದಲ್ಲ, ಕರುಳಿನ ಕರೆಯೋಲೆಯಲ್ಲೂ ಅದೇ ಒಕ್ಕಣೆ. ಒಂದು ಗ್ಲೂಕೋಸ್ ಕಣ ಒಳಗೆ ಬರಬೇಕಾದರೆ ಎರಡು ಸೋಡಿಯಂ ಕಣಗಳು ಕೈಹಿಡಿದಿರಬೇಕು. ಅವರು ಒಳಗೆ ಬಂದ ಮೇಲೆ ಪರಿವಾರದಂತೆ ನೀರು ಹಿಂದೆ ಹಿಂದೆ ಬರುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಮಾತ್ರ ಬೇರೆ ಬಾಗಿಲು, ಅಲ್ಲಿ ಈ ನಿಯಮವಿಲ್ಲ.

ಕೇಳಲು ಬರೀ ಪ್ರಯೋಗಾಲಯದ ಸಂಗತಿ. ಆದರೆ ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಸಾಗರದಂತೆ ಬಂದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಬಾಟಲಿಗಳು ತೀರಿಹೋಗುತ್ತಿದ್ದವು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಯಲ್ಲಿ ಬರಿ ನೀರು ಕುಡಿದರೆ ನಿಲ್ಲುವುದಿಲ್ಲ, ಬರಿ ಉಪ್ಪುನೀರೂ ನಿಲ್ಲುವುದಿಲ್ಲ. ಗ್ಲೂಕೋಸಿನ ಜೊತೆ ಕೊಟ್ಟರೆ ಮೂರೂ ಒಳಗೆ ಸೇರುತ್ತವೆ. ಇಂದು ಪ್ರತಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಅವರ ಹೆಸರಿಗೆ 2023ರಲ್ಲಿ ಬಂತು. ಜ್ವರ ಭೇದಿ ಬಂದವರಿಗೆ ಗಂಜಿಗೆ ಒಂದು ಹರಳು ಉಪ್ಪು ಹಾಕಿ ಕುಡಿಸುವ ನಮ್ಮ ಮನೆಗಳ ಪದ್ಧತಿಯಲ್ಲೂ ಇದೇ ಜೋಡಿಯಿದೆ. ಅಕ್ಕಿಹಿಟ್ಟಿನಿಂದ ಮಾಡಿದ ಓಆರ್‌ಎಸ್ ಕೂಡ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಆಮೇಲೆ ಪರೀಕ್ಷೆಗಳೇ ಹೇಳಿದವು.

ಕರುಳು ದಾಟಿದ ಗ್ಲೂಕೋಸ್ ನೇರ ಊರೊಳಗೆ ನುಗ್ಗುವಂತಿಲ್ಲ. ಮೊದಲು ಯಕೃತ್ತಿಗೆ ಹಾಜರಿ ಹಾಕಬೇಕು. ಆರೋಗ್ಯವಂತನ ಹಸಿದ ಹೊಟ್ಟೆಯಲ್ಲಿ, ಐದು ಲೀಟರ್ ರಕ್ತದಲ್ಲಿ ಒಟ್ಟು ಇರುವ ಗ್ಲೂಕೋಸ್ ಒಂದು ಟೀ ಚಮಚದಷ್ಟು, ನಾಲ್ಕೈದು ಗ್ರಾಂ. ಮಿದುಳೊಂದೇ ದಿನಕ್ಕೆ 120 ಗ್ರಾಂ ಆಸುಪಾಸು ಸುಡುತ್ತದೆ. ಒಂದು ಊಟದಲ್ಲಿ ಒಳಬರುವುದೋ ಎಷ್ಟೋ ಚಮಚ. ಈ ಒಂದು ಚಮಚದ ಮಟ್ಟವನ್ನು ಏರಲು ಬಿಡದೆ ಇಳಿಯಲೂ ಬಿಡದೆ ಕಾಯುವುದು ಇನ್ಸುಲಿನ್ ಮತ್ತು ಯಕೃತ್ತಿನ ಹೊಣೆ. ಹೆಚ್ಚಾದದ್ದು ಗ್ಲೈಕೋಜೆನ್ ಆಗಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಕೂಡಿಡುತ್ತದೆ. ಗ್ಲೈಕೋಜೆನ್ ಎಂದರೂ ಮತ್ತೆ ಗ್ಲೂಕೋಸಿನ ಕವಲು ಸರಪಳಿಯೇ. ಅಷ್ಟು ಕಷ್ಟಪಟ್ಟು ಬಿಡಿಸಿದ ಕೊಂಡಿಗಳನ್ನು ದೇಹ ಒಳಗೆ ಕೂತು ಮತ್ತೆ ಹೆಣೆಯುತ್ತದೆ. ಸರ್ಕಾರಿ ರಸ್ತೆ ಕೆಲಸ ನೋಡಿ ಅಭ್ಯಾಸವಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಣಜಗಳು ತುಂಬಿ, ಮೇಲೆ ಉಳಿದದ್ದು ಕೊಬ್ಬಾಗುತ್ತದೆ, ಅದಕ್ಕೆ ಜಾಗದ ಮಿತಿಯಿಲ್ಲ.

ಇಷ್ಟು ಹೊತ್ತಿಗೆ ದೊಡ್ಡಪ್ಪನಿಗೂ ಶುಗರ್ ಬಂದಿದೆ. ಅವರು ಈಗ ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ. ಮದುವೆ ಮನೆಯಲ್ಲಿ ಜಹಾಂಗೀರು ಬಡಿಸಲು ಬಂದವನನ್ನು ಹುಲಿ ಕಂಡಂತೆ ದೂರದಿಂದಲೇ ಕೈಯಾಡಿಸಿ ಕಳಿಸುತ್ತಾರೆ. ಆ ತ್ಯಾಗದ ಸಮಾಧಾನದಲ್ಲಿ ಅನ್ನವನ್ನು ಮೂರು ಸಲ ಹಾಕಿಸಿಕೊಳ್ಳುತ್ತಾರೆ. “ನಾನು ಸಿಹಿ ಮುಟ್ಟೋದಿಲ್ವಲ್ಲಪ್ಪ, ಆದ್ರೂ ಯಾಕ್ ಏರ್ತದೆ ಇದು?” ಎಂದು ಕೇಳಿದರೆ ಏನು ಹೇಳುವುದು? ಸಕ್ಕರೆಯಲ್ಲಿ ಅರ್ಧ ಭಾಗ ಮಾತ್ರ ಗ್ಲೂಕೋಸ್, ಉಳಿದರ್ಧ ಫ್ರಕ್ಟೋಸ್. ಅನ್ನದ ಪಿಷ್ಟವೋ ಹದಿನಾರಾಣೆ ಗ್ಲೂಕೋಸ್. ನಾಲಿಗೆಗೆ ಸಿಹಿ ತಗಲದಿದ್ದರೆ ಕರುಳಿಗೂ ತಿಳಿಯುವುದಿಲ್ಲವೆಂದು ನಂಬಿದವರು ದೊಡ್ಡಪ್ಪ ಒಬ್ಬರೇ ಅಲ್ಲ. ಸಕ್ಕರೆಯಿಲ್ಲದ ಕಾಫಿಯ ಪಕ್ಕದಲ್ಲಿ ಎರಡು ತಟ್ಟೆ ಇಡ್ಲಿ ಇಟ್ಟುಕೊಂಡವರು ತುಮಕೂರು ರಸ್ತೆಯ ಉದ್ದಕ್ಕೂ ಕಾಣಸಿಗುತ್ತಾರೆ.

ಹಾಗಾದರೆ ಅಕ್ಕಿ ಬಿಟ್ಟು ರಾಗಿ ಹಿಡಿದರೆ ಎಲ್ಲ ಸರಿಹೋಯಿತೇ? ಈ ಜಗಳ ಹಳೆಯದು. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿ ಮತ್ತು ಭತ್ತದ ವ್ಯಾಜ್ಯವನ್ನು ರಾಮನ ಸಭೆಗೇ ಒಯ್ದರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟರೆ ಭತ್ತ ಹಾಳಾಗಿ ರಾಗಿ ಗಟ್ಟಿಯಾಗಿ ಉಳಿಯಿತು. ತೀರ್ಪು ರಾಗಿಯ ಕಡೆ ಆಯಿತು. ಆ ವ್ಯಾಜ್ಯ ಸಣ್ಣ ಕರುಳಿನ ಮುಂದೆ ಬಂದಿದ್ದರೆ ವಿಚಾರಣೆ ಬೇಗ ಮುಗಿಯುತ್ತಿತ್ತು. ಕೊಂಡಿ ಕಳಚಿದ ಮೇಲೆ ಯಾವುದು ರಾಗಿಯ ಗ್ಲೂಕೋಸ್, ಯಾವುದು ಸಣ್ಣಕ್ಕಿಯ ಗ್ಲೂಕೋಸ್ ಎಂದು ಹೇಳಬಲ್ಲ ಕರುಳು ಹುಟ್ಟಿಲ್ಲ. ಅಲ್ಲಿ ಕುಲಗೋತ್ರ ಕೇಳುವವರಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ, ಬಿಳಿ ಅಕ್ಕಿಯಲ್ಲಿ 78 ಗ್ರಾಂ. ಅಂತರ ಇದೆ, ಆದರೆ ಭಾರಿ ಅಂತರವಲ್ಲ. ಅಂತರವಿರುವುದು ನಾರಿನಲ್ಲಿ: ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಮೆ. ರಾಗಿ ಗೆದ್ದರೆ ಅದು ತಾನು ಏನಾಗುತ್ತದೆಂಬುದರಲ್ಲಿ ಅಲ್ಲ, ಎಷ್ಟು ತಡಮಾಡಿ ಆಗುತ್ತದೆಂಬುದರಲ್ಲಿ. ನಾರು ಅಡ್ಡಬಂದಷ್ಟೂ ಕಿಣ್ವದ ಕೈ ನಿಧಾನ, ನಿಧಾನವಾದಷ್ಟೂ ರಕ್ತದ ಆ ಒಂದು ಚಮಚ ತುಳುಕುವುದಿಲ್ಲ.

ನಾವು ಕೆಡಿಸಿಕೊಂಡದ್ದು ಈ ನಿಧಾನವನ್ನು. ಕುಟ್ಟಿ, ಕೇರಿ, ಬೀಸಿ ಉಣ್ಣುತ್ತಿದ್ದ ಕಾಳನ್ನು ಈಗ ಗಿರಣಿ ಹೊಟ್ಟು ತೆಗೆದು, ಹೊಳಪು ಕೊಟ್ಟು, ನುಣ್ಣಗೆ ಹಿಟ್ಟು ಮಾಡಿ ಕೊಡುತ್ತದೆ. ಹಲ್ಲು, ಜಠರ, ಕರುಳು ಮೂರೂ ಸೇರಿ ಗಂಟೆಗಟ್ಟಲೆ ಮಾಡಬೇಕಾದ ಕೆಲಸವನ್ನು ಹತ್ತು ಅಶ್ವಶಕ್ತಿಯ ಮೋಟಾರಿಗೆ ಗುತ್ತಿಗೆ ಕೊಟ್ಟಿದ್ದೇವೆ. ಅದೇ ರಾಗಿಯನ್ನು ನೀರುನೀರಾಗಿ ಕಾಸಿ, ಬೆಲ್ಲ ಹಾಕಿ, ಮಾಲ್ಟ್ ಎಂದು ದೊಡ್ಡ ಲೋಟದಲ್ಲಿ ಕುಡಿದು ‘ಸಿರಿಧಾನ್ಯ’ ಎಂದು ಬೆನ್ನು ತಟ್ಟಿಕೊಂಡರೆ ಕನಕದಾಸರ ರಾಮನೂ ತೀರ್ಪು ಬದಲಿಸಿಯಾನು.

ಮಾಲ್ಟಿನ ಮೇಲೆ ನನಗೆ ಹಗೆಯಿಲ್ಲ. ಅದಕ್ಕೆ ಅದರದೇ ಸ್ಥಾನವಿದೆ. ಕಾಳು ಮೊಳೆಯುವಾಗ ಒಳಗಿನ ಸಸಿಗೆ ಉಣಿಸಲು ಅಮೈಲೇಸನ್ನು ತಾನೇ ತಯಾರಿಸುತ್ತದೆ, ತನ್ನ ಪಿಷ್ಟವನ್ನು ತಾನೇ ಅರಗಿಸಿಕೊಳ್ಳುತ್ತದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋಜ್ ಮೊದಲ ಬಾರಿಗೆ ಬೇರ್ಪಡಿಸಿದ ಕಿಣ್ವ ಮೊಳೆತ ಬಾರ್ಲಿಯದೇ. ಎಳೆ ಕೂಸಿನ ಮೇದೋಜೀರಕದಲ್ಲಿ ಮೊದಲ ಕೆಲವು ತಿಂಗಳು ಅಮೈಲೇಸ್ ಬಹಳ ಕಡಮೆ. ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ರಾಗಿ ಸರಿ ಮಾಡಿ ಉಣಿಸುತ್ತಾರೆ. ಮಗುವಿಗೆ ಇಲ್ಲದ ಕಿಣ್ವವನ್ನು ಕಾಳಿನಿಂದ ಸಾಲ ತಂದು ಕೊಡುವ ಉಪಾಯ ಇದು. ಸರಿ ತೆಳ್ಳಗಾಗಿ ಇಳಿಯುತ್ತದೆ, ಆದರೆ ಒಳಗೆ ಕಸುವು ಹೆಚ್ಚು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐ ಸಂಸ್ಥೆಯವರು ರಾಗಿ ಮಾಲ್ಟನ್ನು ಪರೀಕ್ಷಿಸಿ ಮಕ್ಕಳ ಆಹಾರಕ್ಕೆ ಒಳ್ಳೆಯದೆಂದು ಹೇಳಿದ್ದಾರೆ. ಆರು ತಿಂಗಳ ಮಗುವಿಗೆ ಹಿತವಾದದ್ದು ಅರವತ್ತರ ದೊಡ್ಡಪ್ಪನಿಗೂ ಹಿತವೆಂದು ತಿಳಿಯಬಾರದು, ಅಷ್ಟೆ. ಹಲ್ಲು ಎರಡು ವಯಸ್ಸಿನಲ್ಲೂ ಇರುವುದಿಲ್ಲ ಎಂಬುದೊಂದೇ ಅಲ್ಲಿನ ಹೋಲಿಕೆ.

ಇನ್ನು ಕರುಳು ಕೈಚೆಲ್ಲುವ ಸಂಗತಿಗಳು. ಹುಲ್ಲಿನ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಪಳಿಯೇ. ಕೊಂಡಿ ಹಾಕಿರುವ ಬಗೆ ಮಾತ್ರ ಬೇರೆ. ಅಷ್ಟೇ ವ್ಯತ್ಯಾಸಕ್ಕೆ ಗದ್ದೆಯ ಭತ್ತ ನಮಗೆ, ಹುಲ್ಲು ಎಮ್ಮೆಗೆ ಎಂದು ಪಾಲಾಗಿದೆ. ಎಮ್ಮೆಗೂ ಆ ಕಿಣ್ವ ಸ್ವಂತದ್ದಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳದ್ದು. ಅವರೆ, ಅಲಸಂದೆ, ಹುರುಳಿ, ಕಡಲೆಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಬಿಡಿಸುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಅವು ಇದ್ದ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ತಿಂದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಬಿಡುತ್ತವೆ. ಬೆಂಗಳೂರಿನಲ್ಲಿ ಚಳಿಗಾಲದ ಸೊಗಡು ಅವರೆ ಬಂದು, ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆಯಿಂದ ಜಿಲೇಬಿಯವರೆಗೆ ಎಲ್ಲ ಅವರೆಮಯವಾದಾಗ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿ ಕಿಟಕಿ ತೆಗೆಯುವುದಕ್ಕೆ ಕಾರಣ ಇಷ್ಟೇ. ಹಿದುಕಿದ ಬೇಳೆಗೆ ಅವರೆಯನ್ನು ನೆನೆಹಾಕಿ ನೀರು ಚೆಲ್ಲುವಾಗ ಆ ಸಕ್ಕರೆ ಸ್ವಲ್ಪ ಚೆಲ್ಲಿಹೋಗುತ್ತದೆ, ಕಾಳು ಮೊಳಕೆ ಬಂದರೆ ಇನ್ನಷ್ಟು ಇಳಿಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಹಾಭಾರತದ ವನಪರ್ವದ ಕೆಲವು ಪಾಠಗಳಲ್ಲಿ ವಾತಾಪಿಯನ್ನು ಉಂಡ ಅಗಸ್ತ್ಯರಿಂದಲೂ ಗುಡುಗಿನಂಥ ಸದ್ದಿನೊಡನೆ ವಾಯು ಹೊರಟಿತೆಂದೇ ಹೇಳಿದೆ.

ಈ ಬ್ಯಾಕ್ಟೀರಿಯಾಗಳು ಬರಿ ಗಾಳಿ ಬಿಟ್ಟು ಸುಮ್ಮನಾಗುವುದಿಲ್ಲ. ನಮಗೆ ಅರಗದ ನಾರನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಸಣ್ಣ ಆಮ್ಲಗಳನ್ನು ಮಾಡಿಕೊಡುತ್ತವೆ, ದೊಡ್ಡ ಕರುಳಿನ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಬಿಸಿ ಅನ್ನ ಆರಿ ತಂಗಳಾದಾಗ ಸಡಿಲವಾಗಿದ್ದ ಪಿಷ್ಟದಲ್ಲಿ ಒಂದಷ್ಟು ಮತ್ತೆ ಬಿಗಿದುಕೊಂಡು, ಕಿಣ್ವಕ್ಕೆ ಸಿಗದೆ, ಹೀಗೇ ಕೆಳಗಿಳಿದು ಆ ಜೀವಿಗಳ ಪಾಲಾಗುತ್ತದೆ. ತಂಗಳನ್ನಕ್ಕೆ ಮಜ್ಜಿಗೆ, ಈರುಳ್ಳಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದವರಿಗೆ ರೆಸಿಸ್ಟೆಂಟ್ ಸ್ಟಾರ್ಚ್ ಎಂಬ ಹೆಸರು ತಿಳಿದಿರಲಿಲ್ಲ. ತಿಳಿದಿದ್ದರೆ ಅದಕ್ಕೂ ಪಟ್ಟಣದಲ್ಲಿ ದುಬಾರಿ ರೇಟು ಬರೆಸುತ್ತಿದ್ದರು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿಯುವುದೇನು ಎಂದು ನೋಡಿದರೆ ಬಹಳ ಸ್ವಲ್ಪ. ಕಿಣ್ವಕ್ಕೆ ನಾವು ಆಜ್ಞೆ ಕೊಡಲಾರೆವು, ಯಕೃತ್ತು ನಮ್ಮ ಅರ್ಜಿ ಓದುವುದಿಲ್ಲ. ಒಳಗೆ ಹೋಗುವುದರ ವೇಗವೊಂದನ್ನು ಮಾತ್ರ ಅಷ್ಟಿಷ್ಟು ಹಿಡಿಯಬಹುದು. ಎಲೆಯ ತುದಿಯಲ್ಲಿ ಮೊದಲು ಬೀಳುವ ಕೋಸಂಬರಿ, ಪಲ್ಯಗಳನ್ನು ಅನ್ನಕ್ಕೆ ಕಾಯುತ್ತ ಸುಮ್ಮನೆ ನೋಡದೆ ಮೊದಲೇ ತಿಂದರೆ ಹಿಂದೆ ಬರುವ ಅನ್ನದ ಗ್ಲೂಕೋಸ್ ತಡವಾಗಿ ಏರುತ್ತದೆ. ಮುದ್ದೆ ನುಂಗುವವರು ನುಂಗಲಿ, ಅದು ಹಿರಿಯರ ಹಕ್ಕು, ಉಳಿದದ್ದನ್ನು ಅಗಿಯಲಿ. ಸರ್ವಜ್ಞನ ಹೆಸರಿನ ತ್ರಿಪದಿಯೊಂದು ಉಂಡ ಮೇಲೆ ನೂರು ಹೆಜ್ಜೆ ನಡೆಯಲು ಹೇಳುತ್ತದೆ. ಅದರ ಹಿಂದೆ ಗಟ್ಟಿ ಕಾರಣವಿದೆ: ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ದಾರಿ ಕಾಯದೆ ರಕ್ತದಿಂದ ಗ್ಲೂಕೋಸನ್ನು ತಾನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಓದುಗ ಮಹಾಶಯರೇ, ಉಂಡು ಕೈತೊಳೆದ ತಕ್ಷಣ ದಿವಾನದ ಕಡೆ ನೋಡಬೇಡಿ. ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಹೊರಗೆ ಮಳೆಯಿದ್ದರೆ ಅಡುಗೆಮನೆಗೆ ಹೋಗಿ ನಿಮ್ಮ ತಟ್ಟೆಯನ್ನು ನೀವೇ ತೊಳೆಯಿರಿ, ಪಕ್ಕದವರದನ್ನೂ ತೊಳೆಯಿರಿ. ಮಾಂಸಖಂಡಕ್ಕೆ ಅದೂ ಕೆಲಸವೇ, ಮನೆಯವರೂ ಬೇಡವೆನ್ನುವುದಿಲ್ಲ.